ಗ್ವಾಟೆಮಾಲಾ ಒಂದೇ ಸಾಕು: ಮೊದಲು ಪಾಠ, ಆಮೇಲೆ ಪಿರಮಿಡ್ಡು

ಪ್ರಶ್ನೆ: ನನಗೆ 54 ವರ್ಷ, ಮೈಸೂರಿನವಳು. ಬ್ಯಾಂಕ್ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೇನೆ. ಜನವರಿಯಲ್ಲಿ ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತೇನೆ. ಅಲ್ಲಿಂದ ನಾಲ್ಕು ವಾರ ಒಬ್ಬಳೇ ಮಧ್ಯ ಅಮೆರಿಕ ಸುತ್ತುವ ಆಸೆ. ಹಳೆಯ ಊರುಗಳು, ಮಾಯಾ ಜನರ ಅವಶೇಷಗಳನ್ನು ನೋಡಬೇಕು. ಜೊತೆಗೆ ಸ್ಪ್ಯಾನಿಷ್ ಕಲಿಯಬೇಕು. ಮೊಬೈಲ್ ಆ್ಯಪ್‌ನಲ್ಲಿ ನಾಲ್ಕು ಮಾತು ಕಲಿತಿದ್ದೇನೆ, ಅಷ್ಟೆ. ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗುವಾ, ಕೋಸ್ಟಾ ರಿಕಾ ನಾಲ್ಕೂ ಆಗುತ್ತಾ? ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ.

ಉತ್ತರ: ನಾಲ್ಕು ದೇಶ ಬೇಡ. ಗ್ವಾಟೆಮಾಲಾ ಒಂದೇ ಸಾಕು. ಮನಸ್ಸು ಕೇಳದಿದ್ದರೆ ಗಡಿಯಾಚೆ ಹೊಂಡುರಾಸ್‌ನಲ್ಲಿರುವ ಹಳೆಯ ಮಾಯಾ ನಗರ ಕೊಪಾನ್ ಒಂದನ್ನು ಸೇರಿಸಿಕೊಳ್ಳಿ. ನಕ್ಷೆಯಲ್ಲಿ ಈ ದೇಶಗಳು ಪುಟ್ಟದಾಗಿ, ಒತ್ತೊತ್ತಾಗಿ ಕಾಣುತ್ತವೆ. ರಸ್ತೆಗೆ ಇಳಿದರೆ ಬರೀ ಬೆಟ್ಟ, ತಿರುವು, ಗಡಿಗಳಲ್ಲಿ ಕ್ಯೂ. ನಾಲ್ಕು ವಾರದಲ್ಲಿ ನಾಲ್ಕು ದೇಶ ಅಂದರೆ ಅರ್ಧ ರಜೆ ವ್ಯಾನಿನಲ್ಲೇ ಕಳೆಯುತ್ತದೆ. ಪಾಠಕ್ಕೆ ಹೊತ್ತೆಲ್ಲಿ?

ಬಿಟ್ಟ ದೇಶಗಳ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಕೋಸ್ಟಾ ರಿಕಾಗೆ ಜನ ಹೋಗುವುದು ಕಾಡು, ಹಕ್ಕಿ, ಕಡಲಿಗಾಗಿ. ಹಳೆಯ ಊರು ನೋಡಲಿಕ್ಕಲ್ಲ. ಖರ್ಚೂ ಜಾಸ್ತಿ. ನಿಕರಾಗುವಾದ ಗ್ರನಾಡಾ, ಲಿಯೋನ್ ಎರಡೂ ಚೆಂದದ ಊರುಗಳೇ. ಆದರೆ 2018ರ ಪ್ರತಿಭಟನೆಗಳ ನಂತರ ಅಲ್ಲಿನ ರಾಜಕೀಯ ಬಿಗಿಯಾಗಿದೆ. ಮೊದಲ ಸಲ, ಅದೂ ಒಬ್ಬರೇ ಹೋಗುವವರಿಗೆ ನಾನು ಹೇಳುವುದಿಲ್ಲ.

ಇನ್ನೊಂದು ಮಾತು, ಇದೇ ಮುಖ್ಯ. ಪಾಠ ಮೊದಲು, ಪಿರಮಿಡ್ಡು ಆಮೇಲೆ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಕಾಡಿನೊಳಗಿನ ಮಾಯಾ ನಗರ ತಿಕಾಲ್, ಕೊಪಾನ್ ಎಲ್ಲಾ ಓಡಾಡಿ, ಸುಸ್ತಾಗಿ, ಉಳಿದ ಒಂದು ವಾರ ಶಾಲೆಗೆ ಹೋಗುತ್ತಾರೆ. ಕಲಿತದ್ದನ್ನು ಆಡುವ ಹೊತ್ತಿಗೆ ವಿಮಾನ ಹತ್ತಿರುತ್ತಾರೆ. ನೀವು ಮೊದಲ ಮೂರು ವಾರ ಪಾಠಕ್ಕೆ ಕೊಡಿ. ಕೊನೆಯ ವಾರ ಕಾಡಿನೊಳಗೆ ಕಾವಲುಗಾರ, ಡ್ರೈವರ್, ತರಕಾರಿ ಮಾರುವ ಅಜ್ಜಿ ಎಲ್ಲರ ಹತ್ತಿರ ತಪ್ಪು ತಪ್ಪಾಗಿಯಾದರೂ ಮಾತಾಡುತ್ತೀರಿ. ಸ್ಥಳೀಯ ಗೈಡು ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಹೇಳಿದರೆ ಸ್ಪ್ಯಾನಿಷಿನಲ್ಲಿ ಐವತ್ತು ಹೇಳುತ್ತಾನೆ.

ಮೊದಲ ಎರಡು ವಾರ ಗ್ವಾಟೆಮಾಲಾದ ಹಳೆಯ ರಾಜಧಾನಿ ಆಂಟಿಗುವಾದಲ್ಲಿರಿ. ಈಗಿನ ರಾಜಧಾನಿ ಗ್ವಾಟೆಮಾಲಾ ಸಿಟಿಯ ವಿಮಾನ ನಿಲ್ದಾಣದಿಂದ ಸುಮಾರು 40 ಕಿ.ಮೀ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೂ ಆದೀತು. ಸುಮಾರು 1,500 ಮೀಟರ್ ಎತ್ತರ, ಜನವರಿಯಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ಶಾಲು ಹೊದೆಯುವಷ್ಟು ಚಳಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಇಲ್ಲದ ಕಾಲ, ಹಾಗಾಗಿ ನಿಮ್ಮ ಸಮಯ ಸರಿಯಾಗಿದೆ. ಊರಿನ ಸುತ್ತ ಮೂರು ಜ್ವಾಲಾಮುಖಿಗಳು: ಆಗ್ವಾ, ಅಕಾತೆನಾಂಗೊ, ಫ್ವೇಗೊ. ಈ ಮೂರರಲ್ಲಿ ಫ್ವೇಗೊ ಇನ್ನೂ ಜೀವಂತ. 2018ರ ಜೂನ್ 3ರಂದು ಅದು ಸಿಡಿದಾಗ ತಪ್ಪಲಿನ ಊರುಗಳೇ ಮುಚ್ಚಿಹೋದವು. ಅಕಾತೆನಾಂಗೊ ಹತ್ತಿ ರಾತ್ರಿ ಅಲ್ಲಿ ಮಲಗಿ ಬೆಂಕಿ ನೋಡುವುದು ಈಗ ಹುಡುಗರ ಫ್ಯಾಷನ್. ಅದರ ತುದಿ 3,976 ಮೀಟರ್. ಮಂಡಿ ಗಟ್ಟಿ ಇದ್ದರೆ ನೋಡಿ. ಇಲ್ಲದಿದ್ದರೆ ಬೆಳಿಗ್ಗೆ ಹೊತ್ತು ಊರ ಪಕ್ಕದ ಸೆರ್ರೊ ದೆ ಲಾ ಕ್ರೂಸ್ ಗುಡ್ಡಕ್ಕೆ ಹೋಗಿ, ಇಡೀ ಊರು ಕಾಣುತ್ತದೆ.

ಆಂಟಿಗುವಾವನ್ನು ಬರೀ ಬಣ್ಣದ ಗೋಡೆಗಳ ಊರು ಅಂದುಕೊಂಡು ಫೋಟೊ ತೆಗೆದು ಬರುವವರೇ ಹೆಚ್ಚು. ನೀವು ಇತಿಹಾಸ ಕೇಳಿದ್ದೀರಿ, ಹಾಗಾಗಿ ಒಂದು ದಾರಿ ಹೇಳುತ್ತೇನೆ. ಸ್ಪೇನಿನವರು ಇಲ್ಲಿ ರಾಜಧಾನಿಯನ್ನು ಮತ್ತೆ ಮತ್ತೆ ಬದಲಿಸಿದರು. ಆ ಜಾಗಗಳನ್ನು ಒಂದೊಂದಾಗಿ ನೋಡಿ. ಮೊದಲನೆಯದು ಇಷಿಮ್ಚೆ. ಅದು ಕಕ್ಚಿಕೆಲ್ ಎಂಬ ಮಾಯಾ ಜನರ ರಾಜಧಾನಿ, 1524ರಲ್ಲಿ ಸ್ಪೇನಿನ ದಂಡನಾಯಕ ಪೆದ್ರೊ ದೆ ಅಲ್ವರಾದೊ ಅಲ್ಲೇ ತನ್ನ ಊರು ಸ್ಥಾಪಿಸಿದ. ಸ್ನೇಹದಿಂದ ಶುರುವಾದದ್ದು ಕೆಲವೇ ತಿಂಗಳಲ್ಲಿ ದಂಗೆಗೆ ತಿರುಗಿತು. 1527ರಲ್ಲಿ ಆಗ್ವಾ ಪರ್ವತದ ಬುಡದ ಅಲ್ಮೊಲೊಂಗಾ ಕಣಿವೆಗೆ ಬಂದರು. 1541ರ ಸೆಪ್ಟೆಂಬರಿನಲ್ಲಿ ಭಾರಿ ಮಳೆ ಸುರಿದು ಬೆಟ್ಟದಿಂದ ಕೆಸರು, ಬಂಡೆ ಇಳಿದು ಊರು ನುಂಗಿತು. ಅಲ್ವರಾದೊ ಸತ್ತ ಸುದ್ದಿ ಬಂದು ಅವನ ಹೆಂಡತಿ ಬೆಯಾತ್ರಿಸ್ ದೆ ಲಾ ಕ್ವೇವಾ ರಾಜ್ಯಪಾಲಳಾಗಿ ಅಧಿಕಾರ ತೆಗೆದುಕೊಂಡಿದ್ದಳಷ್ಟೆ. ಆ ಕೆಸರಿಗೆ ಅವಳೂ ಬಲಿಯಾದಳು. ಆ ಜಾಗ ಇವತ್ತಿನ ಸ್ಯೂದಾದ್ ವಿಯೆಹಾ ಸುತ್ತಮುತ್ತ, ಆಂಟಿಗುವಾದಿಂದ ಸಿಟಿ ಬಸ್ಸಿನ ದೂರ. ಆಮೇಲೆ 1543ರಲ್ಲಿ ಈಗಿನ ಆಂಟಿಗುವಾ. 230 ವರ್ಷ ಇಲ್ಲಿಂದಲೇ ಮಧ್ಯ ಅಮೆರಿಕದ ಆಡಳಿತ ನಡೆಯಿತು.

1773ರ ಜುಲೈ 29ರಂದು ಸಾಂತಾ ಮಾರ್ತಾ ಹಬ್ಬದ ದಿನ ಭೂಕಂಪ ಆಯಿತು. ನಂತರದ್ದು ನನಗೆ ಬಹಳ ಇಷ್ಟವಾದ ಜಗಳ. ಆಡಳಿತಗಾರ ಮಾರ್ತಿನ್ ದೆ ಮಾಯೊರ್ಗಾ ಊರು ಬಿಡೋಣ ಅಂದ. ಆರ್ಚ್‌ಬಿಷಪ್ ಪೆದ್ರೊ ಕೊರ್ತೆಸ್ ಇ ಲಾರಾಸ್ ಬಿಡುವುದಿಲ್ಲ ಅಂದ. ಕೊನೆಗೆ 1776ರಲ್ಲಿ ರಾಜಧಾನಿ ಹೊರಟಿತು, ಅದೇ ಇವತ್ತಿನ ಗ್ವಾಟೆಮಾಲಾ ಸಿಟಿ. ಬಿಟ್ಟು ಹೋದದ್ದರಿಂದಲೇ ಇಲ್ಲಿ ಬಿರುಕು ಬಿಟ್ಟ ಕಮಾನು, ಸೂರಿಲ್ಲದ ಚರ್ಚು ಹಾಗೇ ಉಳಿದವು. 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಎಲ್ಲಾ ಚರ್ಚುಗಳನ್ನೂ ನೋಡಲು ಹೋಗಬೇಡಿ, ತಲೆ ಕೆಡುತ್ತದೆ. ಎರಡನ್ನು ನಿಧಾನವಾಗಿ ನೋಡಿ. ಲಾ ಮೆರ್ಸೆದ್ ಚರ್ಚಿನ ಮುಂದೆ ನಿಂತು ಕಂಬಗಳನ್ನು ಗಮನಿಸಿ. ಮೇಲೆ ಹಳದಿ ಬಿಳಿ ಗಾರೆಯ ಬಳ್ಳಿ ಕೆಲಸ ನವಿರಾಗಿದೆ, ಕಟ್ಟಡ ಮಾತ್ರ ಗಿಡ್ಡ, ದಪ್ಪ. ಭೂಕಂಪಕ್ಕೆ ಹೆದರಿ ಹಾಗೆ ಕಟ್ಟಿದರು. ಅಲ್ಲಿಂದ ಸ್ವಲ್ಪ ನಡೆದರೆ ಲಾಸ್ ಕಪುಚಿನಾಸ್ ಮಠ, 1736ರದ್ದು. ಸನ್ಯಾಸಿನಿಯರ ಮಠ. ಹಿಂದೆ ಒಂದು ಗುಂಡನೆಯ ಗೋಪುರವಿದೆ. ನಡುವೆ ಅಂಗಳ, ಸುತ್ತ 18 ಕೋಣೆ. ಒಂದೊಂದೂ ಒಬ್ಬಳು ಮಲಗಿ ಏಳುವಷ್ಟೇ ಅಗಲ. ಒಳಗೆ ಕಾಲಿಟ್ಟು ಒಂದು ನಿಮಿಷ ಕೂತು ಬನ್ನಿ. ಊರಿನ ಪೋಸ್ಟ್‌ಕಾರ್ಡುಗಳಲ್ಲೆಲ್ಲಾ ಇರುವ ಹಳದಿ ಸಾಂತಾ ಕಾತಲೀನಾ ಕಮಾನೂ ಸನ್ಯಾಸಿನಿಯರಿಗಾಗಿ ಕಟ್ಟಿದ್ದೇ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳದೆ ಈ ಕಡೆಯಿಂದ ಆ ಕಡೆ ದಾಟಲಿ ಅಂತ ಕಮಾನಿನ ಒಳಗೇ ಓಣಿ ಮಾಡಿದ್ದಾರೆ.

ನಿಮ್ಮ ಪ್ರಯಾಣ ಫೆಬ್ರವರಿ, ಮಾರ್ಚಿಗೆ ಜಾರಿದರೆ ಇನ್ನೂ ಒಳ್ಳೆಯದೇ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಭಾನುವಾರಗಳಲ್ಲಿ ಮೆರವಣಿಗೆ ಇರುತ್ತದೆ. ನೇರಳೆ ಬಟ್ಟೆ ತೊಟ್ಟ ಗಂಡಸರು ದೊಡ್ಡ ಮರದ ಮಂಟಪವನ್ನು ಹೆಗಲ ಮೇಲೆ ಹೊತ್ತು ಗಂಟೆಗಟ್ಟಲೆ ನಡೆಯುತ್ತಾರೆ. ಅದರ ದಾರಿಯಲ್ಲಿ ಮನೆಯವರು ಬಣ್ಣ ಹಾಕಿದ ಮರದ ಹೊಟ್ಟು, ಪೈನ್ ಎಲೆ, ಹೂವಿನಿಂದ ರಂಗೋಲಿ ಹಾಸುತ್ತಾರೆ. ರಾತ್ರಿಯಿಡೀ ಹಾಕಿದ್ದು ಮೆರವಣಿಗೆಯ ಕಾಲಡಿಯಲ್ಲಿ ಕ್ಷಣದಲ್ಲಿ ಅಳಿಸಿ ಹೋಗುತ್ತದೆ. ಪವಿತ್ರ ವಾರಕ್ಕೇ ಮಾತ್ರ ಹೋಗಬೇಡಿ. ರೂಮು ಸಿಗುವುದಿಲ್ಲ, ಸಿಕ್ಕರೂ ದುಬಾರಿ, ಕೊನೆಯ ದಿನಗಳಲ್ಲಿ ಶಾಲೆಗಳೂ ಮುಚ್ಚಿರುತ್ತವೆ.

ಈಗ ಪಾಠದ ವಿಷಯ. ಗ್ವಾಟೆಮಾಲಾದ ಶಾಲೆಗಳಲ್ಲಿ ತರಗತಿ ಇಲ್ಲ, ಒಬ್ಬರಿಗೆ ಒಬ್ಬರೇ ಟೀಚರ್. ಅಂಗಳದಲ್ಲಿ ಪುಟ್ಟ ಮೇಜು, ಎದುರುಬದುರು ಎರಡು ಕುರ್ಚಿ, ನಡುವೆ ಒಂದು ನೋಟ್‌ಬುಕ್ಕು. ಬೆಳಿಗ್ಗೆ ಎಂಟರಿಂದ ಹನ್ನೆರಡು, ನಡುವೆ ಅರ್ಧ ಗಂಟೆ ಕಾಫಿ. ಐದು, ಆರು ಗಂಟೆಯ ಪಾಠವೂ ಸಿಗುತ್ತದೆ, ತೆಗೆದುಕೊಳ್ಳಬೇಡಿ. ನಾಲ್ಕನೇ ಗಂಟೆಯ ಹೊತ್ತಿಗೆ ತಲೆ ತುಂಬಿ, ಗೊತ್ತಿದ್ದ ಪದವೂ ಮರೆಯುತ್ತದೆ. ಮಧ್ಯಾಹ್ನ ಊರು ಸುತ್ತುವುದೇ ನಿಮ್ಮ ಎರಡನೇ ಪಾಠ. ಎರಡನೇ ವಾರದಿಂದ ಟೀಚರನ್ನೇ ಕೇಳಿ, ಕೊನೆಯ ಗಂಟೆ ಮಾರುಕಟ್ಟೆಯಲ್ಲೋ ಕಪುಚಿನಾಸ್‌ನಲ್ಲೋ ಮಾಡೋಣ್ವಾ ಅಂತ. ಹೆಚ್ಚಿನವರು ಖುಷಿಯಿಂದ ಬರುತ್ತಾರೆ. ನಿಮ್ಮ ಟಿಕೆಟ್ಟಿನ ಜೊತೆ ಅವರ ಟಿಕೆಟ್ಟನ್ನೂ ನೀವೇ ಕೊಡಿ.

ಶಾಲೆ ಆರಿಸುವಾಗ ವೆಬ್‌ಸೈಟಿನ ಚೆಂದ ನೋಡಬೇಡಿ, ಎರಡು ಪ್ರಶ್ನೆ ಕೇಳಿ. ನನ್ನ ಟೀಚರ್ ಎಷ್ಟು ವರ್ಷದಿಂದ ಕಲಿಸುತ್ತಿದ್ದಾರೆ? ನಾನು ಕೊಡುವ ದುಡ್ಡಿನಲ್ಲಿ ಅವರಿಗೆ ಎಷ್ಟು ಹೋಗುತ್ತದೆ? ಎರಡನೆಯದಕ್ಕೆ ಸರಾಗವಾಗಿ ಉತ್ತರ ಕೊಡುವ ಶಾಲೆಯಲ್ಲಿ ಅನುಭವಿ ಟೀಚರುಗಳು ಉಳಿದಿರುತ್ತಾರೆ. ಎಲ್ಲಾ ವಾರಗಳ ದುಡ್ಡನ್ನು ಒಟ್ಟಿಗೆ ಕಟ್ಟಬೇಡಿ, ವಾರಕ್ಕೆ ಒಂದು ಸಲ ಕಟ್ಟಿ. ಟೀಚರ್ ಹೊಂದದಿದ್ದರೆ ಮಂಗಳವಾರವೇ ಆಫೀಸಿನಲ್ಲಿ ಹೇಳಿ. ಅದರಲ್ಲಿ ಮುಜುಗರ ಇಲ್ಲ, ದಿನಾ ನಡೆಯುವುದೇ.

ಕನ್ನಡದವರಿಗೆ ಸ್ಪ್ಯಾನಿಷ್ ಅಷ್ಟೇನೂ ಕಷ್ಟ ಅಲ್ಲ. ಇಂಗ್ಲಿಷಿನ ಮೂಲಕ ಕಲಿಯಲು ಹೋದರೆ ಕಷ್ಟ. ಅ, ಎ, ಇ, ಒ, ಉ ಐದೇ ಸ್ವರ, ಬರೆದದ್ದನ್ನೇ ಓದುವುದು. ಅವರ ತ, ದ ನಮ್ಮ ತ, ದಗಳೇ. ಅಮೆರಿಕದಿಂದ ಬಂದ ವಿದ್ಯಾರ್ಥಿಗಳು ಟ, ಡ ಅಂದು ಒದ್ದಾಡುವಾಗ ನೀವು ಮೊದಲ ದಿನವೇ ಸರಿಯಾಗಿ ಹೇಳುತ್ತೀರಿ. ನಾವು ‘ಬಂದೆ’ ಅಂದರೆ ಸಾಕು, ‘ನಾನು’ ಬೇಕಿಲ್ಲ ಅಲ್ವಾ? ಅವರೂ ಹಾಗೇ, ಕ್ರಿಯಾಪದದ ತುದಿಯಲ್ಲೇ ಯಾರು ಅಂತ ಗೊತ್ತಾಗುತ್ತದೆ. ‘ಮೆ ಗುಸ್ತಾ’ ಅಂದರೆ ‘ನನಗೆ ಇಷ್ಟ’, ಜೋಡಣೆಯೂ ಅದೇ. ‘ಉಸ್ತೆದ್’ ಅಂದರೆ ನೀವು. ‘ತು’, ‘ವೋಸ್’ ಎರಡೂ ನೀನು. ನಿಮ್ಮ ವಯಸ್ಸಿನವರಿಗೆ ನಾಲ್ಕು ವಾರಕ್ಕೆ ಉಸ್ತೆದ್ ಒಂದೇ ಸಾಕು. ಅದರ ಕ್ರಿಯಾಪದ ‘ಅವನು, ಅವಳು’ ರೂಪವೇ ಆದ್ದರಿಂದ ಬಾಯಿಪಾಠ ಕಡಿಮೆಯಾಗುತ್ತದೆ. ತೊಂದರೆ ಕೊಡುವುದು ಲಿಂಗ. ನಮಗೆ ಮೇಜೂ ‘ಅದು’, ಪುಸ್ತಕವೂ ‘ಅದು’. ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಇದಕ್ಕೆ ಉಪಾಯ ಇಲ್ಲ. ಪದದ ಜೊತೆಗೇ ಗಂಡಾದರೆ ‘ಎಲ್’, ಹೆಣ್ಣಾದರೆ ‘ಲಾ’ ಸೇರಿಸಿ ಕಲಿಯಬೇಕು. ಹೋಗುವ ಮೊದಲು ಆ್ಯಪ್ ಬಿಟ್ಟು ಒಂದು ಕೆಲಸ ಮಾಡಿ: 1ರಿಂದ 1,000ದವರೆಗೆ ಸಂಖ್ಯೆ ಗಟ್ಟಿ ಮಾಡಿಕೊಳ್ಳಿ. ಬಸ್ಸು, ತರಕಾರಿ, ಗಂಟೆ ಎಲ್ಲಾ ಅದರಲ್ಲೇ ನಡೆಯುತ್ತದೆ.

ಹೋಮ್‌ಸ್ಟೇಯಲ್ಲೇ ಇರಿ. ನಮ್ಮ ಕೊಡಗಿನ ಹೋಮ್‌ಸ್ಟೇ ಥರ ಅಲ್ಲ ಇದು. ಮನೆಯ ಒಂದು ಕೋಣೆ, ಅವರದೇ ಊಟದ ಮೇಜು. ಭಾನುವಾರ ಬಿಟ್ಟು ದಿನಕ್ಕೆ ಮೂರು ಊಟ ಸಾಮಾನ್ಯವಾಗಿ ಸೇರಿರುತ್ತದೆ. ನಲ್ಲಿಯ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಬೇಡ. ಪ್ರತಿ ಮನೆಯಲ್ಲೂ ಶುದ್ಧ ನೀರಿನ ದೊಡ್ಡ ಕ್ಯಾನ್ ಇರುತ್ತದೆ.

ಊಟದಲ್ಲಿ ನೀವು ಮೊದಲ ದಿನವೇ ಬಾಯಿ ಬಿಟ್ಟು ಹೇಳಬೇಕು. ‘ಸೊಯ್ ವೆಹೆತರಿಯಾನಾ’ ಅಂದರೆ ಸಸ್ಯಾಹಾರಿ ಅಂತಲೇ. ಆದರೆ ಅಲ್ಲಿ ‘ಕಾರ್ನೆ’ ಅಂದಾಗ ಎಷ್ಟೋ ಜನರ ಮನಸ್ಸಿಗೆ ಬರುವುದು ದನದ ಮಾಂಸ. ಕೋಳಿ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಪೂರ್ತಿ ಹೇಳಿ: ‘ನೊ ಕೊಮೊ ಕಾರ್ನೆ, ನಿ ಪೊಯ್ಯೊ, ನಿ ಪೆಸ್ಕಾದೊ, ನಿ ಮಾಂತೆಕಾ, ನಿ ಕಾಲ್ದೊ ದೆ ಪೊಯ್ಯೊ.’ ಮಾಂಸ, ಕೋಳಿ, ಮೀನು, ಹಂದಿ ಕೊಬ್ಬು, ಕೋಳಿ ಸಾರು ಬೇಡ ಅಂತ. ಕೊನೆಯ ಎರಡನ್ನು ಹೇಳದೆ ಬಿಟ್ಟರೆ ಕಾಳಿನಲ್ಲಿ, ಅನ್ನದಲ್ಲಿ ಅವು ಬಂದೇ ಬರುತ್ತವೆ. ಹೇಳಿದರೆ ಎಣ್ಣೆಯಲ್ಲಿ ಮಾಡಿಕೊಡುತ್ತಾರೆ. ತಟ್ಟೆಯಲ್ಲಿ ದಿನಾ ಇರುವುದು ಕಪ್ಪು ಬೀನ್ಸು. ಮೊದಲ ದಿನ ಬೇಯಿಸಿದ ಸಾರು, ಮರುದಿನ ರುಬ್ಬಿದ್ದು, ಮೂರನೇ ದಿನ ಹುರಿದು ಗಟ್ಟಿ ಮಾಡಿದ್ದು. ಜೊತೆಗೆ ಬಿಸಿ ಜೋಳದ ತೊರ್ತಿಯ್ಯಾ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ಕೈಯಲ್ಲೇ ತಟ್ಟುತ್ತಾರೆ. ಬೆಳಿಗ್ಗೆ ಓಣಿಯಲ್ಲಿ ಆ ತಟ್ಟುವ ಸದ್ದೇ ಕೇಳುವುದು. ಮೊಟ್ಟೆ, ಬೆಣ್ಣೆಹಣ್ಣು, ಕರಿದ ಬಾಳೆ, ಸುಟ್ಟ ಟೊಮೆಟೊ ಚಟ್ನಿ ‘ಚಿರ್ಮೊಲ್’ ಎಲ್ಲಾ ಸಿಗುತ್ತದೆ. ‘ಗ್ವಿಸ್ಕಿಲ್’ ಅಂತ ಬಡಿಸಿದರೆ ಗಾಬರಿ ಬೇಡ. ಅದು ನಮ್ಮ ಸೀಮೆಬದನೆಕಾಯಿ, ಅದರ ತವರೇ ಆ ಕಡೆ.

ಒಂದು ತಮಾಷೆ: ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲಾ. ನಮ್ಮ ಕಡೆಯ ಬೆಳೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿಗೆ ಹೋಯಿತು. ಆಲ್ತಾ ವೆರಾಪಾಸ್ ಬೆಟ್ಟಗಳಲ್ಲಿ ತೋಟ ತುಂಬಾ ಇದೆ. ಮನೆ ಅಡುಗೆಯಲ್ಲಿ ಮಾತ್ರ ಯಾರೂ ಹಾಕುವುದಿಲ್ಲ, ಎಲ್ಲಾ ಅರಬ್ ದೇಶಗಳ ಕಡೆಗೇ. ಒಂದು ದಿನ ಮನೆಯವರಿಗೆ ಏಲಕ್ಕಿ ಟೀ ಮಾಡಿಕೊಡಿ. ಅಡುಗೆಮನೆಯಲ್ಲಿ ಮಾತು ತಾನೇ ಹುಟ್ಟುತ್ತದೆ.

ಮೂರನೇ ವಾರ ಊರು ಬದಲಿಸಿ. ಆಂಟಿಗುವಾದ ದೋಷ ಒಂದೇ, ಎಲ್ಲಿ ನೋಡಿದರೂ ಇಂಗ್ಲಿಷ್ ಕೇಳುತ್ತದೆ. ಎರಡು ಆಯ್ಕೆ ಇದೆ. ಒಂದು ಅತಿತ್ಲಾನ್ ಸರೋವರದ ದಡದ ಸಾನ್ ಪೆದ್ರೊ ಲಾ ಲಗೂನಾ. ಶಾಲೆಗಳು ಆಂಟಿಗುವಾಕ್ಕಿಂತ ಅಗ್ಗ, ನೋಟ ಅದ್ಭುತ. ಆದರೆ ಅಲ್ಲಿನ ಮನೆಮಾತು ತ್ಸುತುಹಿಲ್ ಎಂಬ ಮಾಯಾ ಭಾಷೆ. ನಿಮ್ಮ ಜೊತೆ ಸ್ಪ್ಯಾನಿಷ್ ಆಡುತ್ತಾರೆ, ನಿಧಾನವಾಗಿ, ಚೆನ್ನಾಗಿ. ಊಟದ ಮೇಜಿನಲ್ಲಿ ಅವರವರೇ ಮಾತಾಡುವಾಗ ನಿಮ್ಮ ಕಿವಿಗೆ ಸ್ಪ್ಯಾನಿಷ್ ಬೀಳುವುದಿಲ್ಲ. ಇನ್ನೊಂದು ಕೆತ್ಸಾಲ್ತೆನಾಂಗೊ, ಎಲ್ಲರೂ ‘ಶೆಲಾ’ ಅನ್ನುತ್ತಾರೆ. ದೊಡ್ಡ ಊರು, ಪ್ರವಾಸಿಗರು ಕಡಿಮೆ, ಅಂಗಡಿಯವನಿಗೆ ಇಂಗ್ಲಿಷ್ ಬರುವುದಿಲ್ಲ. 2,330 ಮೀಟರ್ ಎತ್ತರ, ಜನವರಿ ರಾತ್ರಿಗಳಲ್ಲಿ ಕೊರೆಯುವ ಚಳಿ, ಮನೆಗಳಲ್ಲಿ ಹೀಟರ್ ಇರುವುದಿಲ್ಲ. ನನ್ನ ಮತ ಶೆಲಾಕ್ಕೆ. ಉಣ್ಣೆಯ ಕಾಲುಚೀಲ, ಟೊಪ್ಪಿ ಇರಲಿ.

ಹಾಗೆ ಮಾಡಿದರೆ ಸರೋವರ ತಪ್ಪುವುದಿಲ್ಲ. ಆಂಟಿಗುವಾದಿಂದ ಶೆಲಾಕ್ಕೆ ಹೋಗುವ ಶನಿವಾರ, ಭಾನುವಾರ ಅಲ್ಲೇ ಇಳಿದುಕೊಳ್ಳಿ. ಶೆಟಲ್ ವ್ಯಾನು ಬಿಟ್ಟು ಒಂದು ಕಾರು ಮಾಡಿಕೊಂಡರೆ ದಾರಿಯಲ್ಲಿ ತೆಕ್ಪಾನ್ ಹತ್ತಿರ ಇಷಿಮ್ಚೆ ನೋಡಬಹುದು. ಪೈನ್ ಮರಗಳ ನಡುವೆ ಹುಲ್ಲು ಹಾಸಿದ ಜಗಲಿಗಳು. ಇವತ್ತಿಗೂ ಮಾಯಾ ಪೂಜಾರಿಗಳು ಅಲ್ಲಿ ಬೆಂಕಿ ಹಾಕಿ ಪೂಜೆ ಮಾಡುತ್ತಾರೆ. ಪೂಜೆ ನಡೆಯುತ್ತಿದ್ದರೆ ಕ್ಯಾಮೆರಾ ಒಳಗಿಡಿ. ಸರೋವರದಲ್ಲಿ ದೋಣಿ ಓಡಾಟ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ಮೇಲೆ ‘ಶೊಕೊಮಿಲ್’ ಗಾಳಿ ಎದ್ದರೆ ಸಣ್ಣ ದೋಣಿ ಕುಣಿಯುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ. ಚಿಚಿಕಾಸ್ತೆನಾಂಗೊ ಸಂತೆ ಗುರುವಾರ, ಭಾನುವಾರ. ಬೆಳಿಗ್ಗೆ ಬೇಗ ಹೋಗಿ.

ಶೆಲಾದಲ್ಲಿ ವಯಸ್ಸಾದ ಟೀಚರ್ ಸಿಕ್ಕರೆ ಅಂತರ್ಯುದ್ಧದ ಮಾತು ಬಂದೀತು. 1960ರಿಂದ 1996ರವರೆಗೆ ನಡೆಯಿತು. ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು, ಬಹುಪಾಲು ಮಾಯಾ ಜನ. ಅವರಾಗಿ ಹೇಳಿದರೆ ಕೇಳಿ. ನೀವಾಗಿ ಕೆದಕಬೇಡಿ, ಅದೂ ಹೋಮ್‌ಸ್ಟೇ ಊಟದ ಮೇಜಿನಲ್ಲಿ.

ಕೊನೆಯ ವಾರ ತಿಕಾಲ್. ರಾಜಧಾನಿಯಿಂದ ಫ್ಲೋರೆಸ್‌ಗೆ ವಿಮಾನದಲ್ಲಿ ಹೋಗಿ, ಸುಮಾರು ಒಂದು ಗಂಟೆ. ರಾತ್ರಿ ಬಸ್ಸು ಅಗ್ಗ, ಆದರೆ ಈ ದೇಶದಲ್ಲಿ ಕತ್ತಲಾದ ಮೇಲೆ ರಸ್ತೆ ಪ್ರಯಾಣ ಬೇಡ. ಫ್ಲೋರೆಸ್ ಸರೋವರದ ನಡುವಿನ ಪುಟ್ಟ ದ್ವೀಪ. 1697ರವರೆಗೂ ಅದು ಸ್ಪೇನಿಗೆ ಸೋಲದ ಇತ್ಸಾ ಮಾಯಾ ರಾಜಧಾನಿ. ಒಂದು ರಾತ್ರಿ ಅಲ್ಲಿ, ಒಂದು ರಾತ್ರಿ ತಿಕಾಲ್ ಉದ್ಯಾನದ ಒಳಗಿನ ಹೋಟೆಲಿನಲ್ಲಿ ಉಳಿಯಿರಿ. ಬೆಳಿಗ್ಗೆ ಆರಕ್ಕೇ ಒಳಗಿದ್ದರೆ ಬಿಸಿಲು ಏರುವ ಮೊದಲು ಅರ್ಧ ನೋಡಿ ಆಗಿರುತ್ತದೆ. ದೂರದಲ್ಲಿ ಯಾವುದೋ ದೊಡ್ಡ ಮೃಗ ಗರ್ಜಿಸಿದಂತೆ ಕೇಳಿದರೆ ಅದು ಹೌಲರ್ ಕೋತಿ.

ಅಲ್ಲಿ ನದಿ ಇಲ್ಲ. ಅಷ್ಟು ದೊಡ್ಡ ನಗರ ಮಳೆ ನೀರನ್ನು ಕೆರೆಗಳಲ್ಲಿ ತುಂಬಿಸಿಕೊಂಡೇ ಬದುಕಿತು. ಗೈಡಿಗೆ ಆ ಕೆರೆಗಳನ್ನು ತೋರಿಸಲು ಹೇಳಿ, ಕೇಳದಿದ್ದರೆ ತೋರಿಸುವುದಿಲ್ಲ. ಕ್ರಿ.ಶ. 682ರಲ್ಲಿ ಪಟ್ಟಕ್ಕೆ ಬಂದ ಹಸಾವ್ ಚಾನ್ ಕವೀಲ್ 695ರಲ್ಲಿ ವೈರಿ ಕಲಕ್ಮುಲ್ ರಾಜ್ಯವನ್ನು ಸೋಲಿಸಿದ. ಅವನ ಸಮಾಧಿ ಮೊದಲನೇ ಗುಡಿಯ ಕೆಳಗೆ. ಅದನ್ನು ಹತ್ತಲು ಬಿಡುವುದಿಲ್ಲ. ಸುಮಾರು 65 ಮೀಟರ್ ಎತ್ತರದ ನಾಲ್ಕನೇ ಗುಡಿಗೆ ಮರದ ಮೆಟ್ಟಿಲಿದೆ, ನಿಧಾನವಾಗಿ ಹತ್ತಿ. ಮೇಲೆ ಕೂತರೆ ಕಾಡಿನ ಹಸಿರಿನಿಂದ ಬೇರೆ ಗುಡಿಗಳ ತಲೆಗಳಷ್ಟೇ ಎದ್ದಿರುವುದು ಕಾಣುತ್ತದೆ.

ತಿಕಾಲ್ ಎತ್ತರಕ್ಕೆ, ಕೊಪಾನ್ ಕೆತ್ತನೆಗೆ. ಹಳೇಬೀಡಿನ ಗೋಡೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರಾದರೆ ಕೊಪಾನ್ ಬಿಡಬೇಡಿ. ಅಲ್ಲಿನ 63 ಮೆಟ್ಟಿಲುಗಳ ತುಂಬಾ ಸುಮಾರು 2,200 ಚಿತ್ರಾಕ್ಷರಗಳಿವೆ, ಇಡೀ ರಾಜವಂಶದ ಕಥೆ. ‘ಕ್ಯೂ’ ಪೀಠದ ನಾಲ್ಕು ಬದಿಗೂ ಹದಿನಾರು ದೊರೆಗಳು ಸಾಲಾಗಿ ಕೂತಿದ್ದಾರೆ. ಹದಿಮೂರನೆಯವನನ್ನು 738ರಲ್ಲಿ ಕಿರಿಗ್ವಾದ ದೊರೆ, ಅವನದೇ ಅಧೀನದಲ್ಲಿದ್ದವನು, ಸೆರೆ ಹಿಡಿದು ತಲೆ ಕಡಿಸಿದ. ಕೊಪಾನ್ ಹೊಂಡುರಾಸ್‌ನಲ್ಲಿದೆ, ಗಡಿಯಿಂದ ಸುಮಾರು 12 ಕಿ.ಮೀ. ಕಾಗದಪತ್ರ ಸರಿಹೋಗದಿದ್ದರೆ ಗ್ವಾಟೆಮಾಲಾದ ಒಳಗೇ ಇರುವ ಕಿರಿಗ್ವಾಕ್ಕೆ ಹೋಗಿ. ಬಾಳೆ ತೋಟಗಳ ನಡುವೆ 10 ಮೀಟರಿಗೂ ಎತ್ತರದ ಒಂದೇ ಕಲ್ಲಿನ ಕಂಬ ನಿಂತಿದೆ. ಗೆದ್ದವನು ನಿಲ್ಲಿಸಿದ್ದು.

ಇನ್ನು ಕಾಗದಪತ್ರ. ಹ್ಯೂಸ್ಟನ್‌ನಿಂದ ಗ್ವಾಟೆಮಾಲಾ ಸಿಟಿಗೆ ನೇರ ವಿಮಾನ, ಸುಮಾರು ಮೂರು ಗಂಟೆ. ನಿಮ್ಮ ಅಮೆರಿಕ ವೀಸಾ ಹಲವು ಸಲ ಪ್ರವೇಶದ್ದೇ ಅಂತ ಮೊದಲು ನೋಡಿಕೊಳ್ಳಿ. ವಾಪಸ್ ಹೋಗುವಾಗ ಅದು ಹೊಸ ಪ್ರವೇಶ. ಎಷ್ಟು ದಿನ ಇರಬಹುದು ಅಂತ ಅಧಿಕಾರಿ ಮತ್ತೆ ನಿರ್ಧರಿಸುತ್ತಾರೆ. ಭಾರತಕ್ಕೆ ವಾಪಸ್ ಟಿಕೆಟ್ ಕೈಯಲ್ಲಿರಲಿ. ಅಮೆರಿಕ ವೀಸಾ ಇರುವವರಿಗೆ ಮಧ್ಯ ಅಮೆರಿಕದಲ್ಲಿ ದಾರಿ ಸಲೀಸು, ಆದರೆ ನಿಯಮ ಬದಲಾಗುತ್ತಾ ಇರುತ್ತದೆ. ಟಿಕೆಟ್ ಮಾಡುವ ಮೊದಲು ಗ್ವಾಟೆಮಾಲಾ, ಹೊಂಡುರಾಸ್ ಎರಡೂ ರಾಯಭಾರ ಕಚೇರಿಗಳಿಗೆ ಬೇರೆ ಬೇರೆಯಾಗಿ ಈಮೇಲ್ ಮಾಡಿ, ಉತ್ತರ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ದುಡ್ಡಿನ ಹೆಸರು ಕೆತ್ಸಾಲ್, ಒಂದು ಡಾಲರಿಗೆ ಏಳೂವರೆ, ಎಂಟರ ಆಸುಪಾಸು. ಎಟಿಎಂ ಬ್ಯಾಂಕಿನ ಒಳಗಿನದನ್ನೇ ಬಳಸಿ. ರಾಜಧಾನಿಯಲ್ಲಿ ಒಂದು ರಾತ್ರಿ ತಂಗಬೇಕಾದರೆ 10ನೇ ಜೋನಿನಲ್ಲಿ ರೂಮು ಮಾಡಿ. ಮಾಯಾ ನೇಯ್ಗೆಯ ಇಶ್ಚೆಲ್ ಮ್ಯೂಸಿಯಂ ಅಲ್ಲೇ ಇದೆ.

ಆಮೇಲೆ ಮನಸ್ಸು ಬದಲಾಗಿ ಪನಾಮಾ ಸೇರಿಸುವ ಯೋಚನೆ ಬಂದರೆ ಹಳದಿ ಜ್ವರದ ಲಸಿಕೆ ಮುಂಚೆಯೇ ಹಾಕಿಸಿಕೊಳ್ಳಿ. ಆ ದೇಶ ಭಾರತದ ಹಳದಿ ಜ್ವರ ಪಟ್ಟಿಯಲ್ಲಿದೆ. ಅಲ್ಲಿಂದ ಬಂದು ಆರು ದಿನ ಆಗಿಲ್ಲದಿದ್ದರೆ, ಲಸಿಕೆಯ ಕಾರ್ಡೂ ಇಲ್ಲದಿದ್ದರೆ, ನಮ್ಮ ಏರ್‌ಪೋರ್ಟಿನಲ್ಲೇ ಕ್ವಾರಂಟೈನ್ ಮಾಡುತ್ತಾರೆ. ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹಾಕಿಸಿಕೊಂಡ ಹತ್ತು ದಿನದ ನಂತರವೇ ಕಾರ್ಡಿಗೆ ಬೆಲೆ. ಹಾಗಾಗಿ ಮೈಸೂರು ಬಿಡುವ ಮೊದಲೇ ಇದನ್ನು ತೀರ್ಮಾನ ಮಾಡಿ.